ಫ್ರಾನ್ಸಿನಲ್ಲಿ ಅಡುಗೆಮನೆ ಕ್ಯಾಬಿನೆಟ್: ಹಣ ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ಫ್ರಾನ್ಸಿನಲ್ಲಿ ಖಾಲಿ ಮನೆ ಬಾಡಿಗೆಗೆ ಹಿಡಿದರೆ ಅಡುಗೆಮನೆ ಅಂತ ಸಿಗುವುದು ಎಷ್ಟೋ ಸಲ ಒಂದು ಸಿಂಕು, ಅದರ ಕೆಳಗೊಂದು ಬಿಳಿ ಡಬ್ಬ, ಗೋಡೆಯಲ್ಲಿ ಒಂದಷ್ಟು ಪ್ಲಗ್ ಪಾಯಿಂಟು, ಅಷ್ಟೆ. ಸಾಮಾನು ಸಮೇತ ಬಾಡಿಗೆಗೆ ಕೊಡುವ ಮನೆಯಲ್ಲಾದರೆ ಒಲೆ, ಫ್ರಿಜ್, ಓವನ್ ಇಲ್ಲವೇ ಮೈಕ್ರೋವೇವ್ ಇರಲೇಬೇಕೆಂದು 2015ರ ಸರ್ಕಾರಿ ಆದೇಶವಿದೆ. ಖಾಲಿ ಮನೆಗೆ ಆ ಪಟ್ಟಿ ಅನ್ವಯಿಸುವುದಿಲ್ಲ. ಹಾಗಾಗಿ ಕಪಾಟು, ಬಾಗಿಲು, ಕೌಂಟರ್ ಎಲ್ಲವನ್ನೂ ಬಂದವರೇ ಆರಿಸಿ ಕೊಳ್ಳಬೇಕಾಗುತ್ತದೆ. ಸ್ವಂತ ಮನೆ ಕೊಂಡವರಿಗೂ ಇದೇ ಕೆಲಸ, ಇನ್ನೂ ದೊಡ್ಡ ಮೊತ್ತದಲ್ಲಿ.

ಊರಿನಲ್ಲಿ ಬಡಗಿಯನ್ನು ಕರೆಸಿ, ಕುದಿಯುವ ನೀರಿಗೂ ಜಗ್ಗದ ಬಿಡಬ್ಲ್ಯುಪಿ ಪ್ಲೈವುಡ್ಡೇ ಹಾಕು ಎಂದು ಹೇಳಿ ಮಾಡಿಸಿದವರಿಗೆ ಇಲ್ಲಿನ ಅಂಗಡಿಯಲ್ಲಿ ಮೊದಲು ಆಗುವುದು ನಿರಾಸೆ. ಕೈಗೆಟಕುವ ಬೆಲೆಯ ಕ್ಯಾಬಿನೆಟ್ ಬಹುಪಾಲು ಮರದ ಚಕ್ಕೆ ಅದುಮಿ ಮಾಡಿದ ಪಾರ್ಟಿಕಲ್ ಬೋರ್ಡಿನದೇ. ಪ್ಲೈವುಡ್ ಡಬ್ಬ ಬೇಕೆಂದರೆ ಬೆಲೆ ಬೇರೆಯೇ ಮಟ್ಟಕ್ಕೆ ಹೋಗುತ್ತದೆ. ಆದರೆ ಪಾರ್ಟಿಕಲ್ ಬೋರ್ಡ್ ಎಂದ ಕೂಡಲೇ ಕಳಪೆ ಎಂದುಕೊಳ್ಳಬೇಕಿಲ್ಲ. ಅಂಚು ಸರಿಯಾಗಿ ಮುಚ್ಚಿ, ನೀರು ಒಳಗೆ ಹೋಗದಂತೆ ಕೂರಿಸಿದ ಬೋರ್ಡ್ ಇಪ್ಪತ್ತು ವರ್ಷ ಆರಾಮಾಗಿ ಬಾಳುತ್ತದೆ. ಅದು ಹಾಳಾಗುವುದು ಕೆಲವೇ ಜಾಗಗಳಲ್ಲಿ: ಸಿಂಕಿನ ಕೆಳಗೆ, ಪಾತ್ರೆ ತೊಳೆಯುವ ಯಂತ್ರದ ಮೇಲೆ, ಓವನ್ನಿನ ಪಕ್ಕ, ನೆಲಕ್ಕೆ ತಾಗುವ ಪಟ್ಟಿಯಲ್ಲಿ. ಆ ಜಾಗಗಳನ್ನು ಮೊದಲು ಗಟ್ಟಿ ಮಾಡಿಕೊಂಡು ಉಳಿದ ಕಡೆ ಉಳಿತಾಯ ಮಾಡಿದರೆ ಕಡಿಮೆ ಹಣದಲ್ಲಿ ಬಾಳಿಕೆ ಬರುವ ಅಡುಗೆಮನೆ ಆಗುತ್ತದೆ.

ಡಬ್ಬ ಬೇರೆ, ಬಾಗಿಲು ಬೇರೆ

ಫ್ರೆಂಚ್ ಅಂಗಡಿಗಳಲ್ಲಿ ಕ್ಯಾಬಿನೆಟ್ಟಿನ ಪೆಟ್ಟಿಗೆಗೆ, ಅಂದರೆ ನಾವಿಲ್ಲಿ ಡಬ್ಬ ಎನ್ನುವುದಕ್ಕೆ, ಕೆಸೋಂ ಎಂದೂ ಮುಂದಿನ ಬಾಗಿಲಿಗೆ ಫಸಾದ್ ಎಂದೂ ಹೇಳುತ್ತಾರೆ. ಐಕಿಯಾದ ಮೆಟೋಡ್, ಲೆರುವಾ ಮೆರ್ಲಾಂ ಮಾರುವ ಡೆಲಿನಿಯಾ, ಕಾಸ್ತೋರಾಮಾದ ಗುಡ್‌ಹೋಮ್ ಇವೆಲ್ಲವುಗಳಲ್ಲಿ ಎರಡನ್ನೂ ಬಿಡಿಯಾಗಿ ಕೊಳ್ಳಬಹುದು. ಬಾಳಿಕೆಯ ದೃಷ್ಟಿಯಿಂದ ಇದೊಂದು ದೊಡ್ಡ ಅನುಕೂಲ. ಬಾಗಿಲು ಹಾಳಾದರೆ ಸ್ಕ್ರೂಡ್ರೈವರ್ ಹಿಡಿದು ಹತ್ತು ನಿಮಿಷದಲ್ಲಿ ಬದಲಿಸಬಹುದು. ಡಬ್ಬ ಹಾಳಾದರೆ ಕೌಂಟರ್ ಎತ್ತಬೇಕು, ಸಿಂಕು ಬಿಚ್ಚಬೇಕು, ಪೈಪು ಕಳಚಬೇಕು. ಆದ್ದರಿಂದ ಹಣ ಬಿಗಿಯಾಗಿದ್ದರೆ ಒಳ್ಳೆಯ ಡಬ್ಬಕ್ಕೆ ಅಗ್ಗದ ಬಾಗಿಲು ಹಾಕಿಸಿ, ಇದಕ್ಕೆ ತಿರುಗುಮುರುಗಾಗಿ ಮಾಡಬೇಡಿ. ಅಂಗಡಿಯವರು ಬಾಗಿಲಿನ ಬಣ್ಣ ತೋರಿಸುತ್ತಲೇ ಒಂದು ಗಂಟೆ ಕಳೆಯುತ್ತಾರೆ, ಡಬ್ಬದ ಬಗ್ಗೆ ನಾವೇ ಕೇಳಬೇಕು.

ಇದರ ಜತೆಗೆ ಅಳತೆಯ ವಿಚಾರವೂ ಇದೆ. ಹೆಚ್ಚು ಮಾರಾಟವಾಗುವ ಅಳತೆಯ ಡಬ್ಬ ಕೊಂಡರೆ ಹತ್ತು ವರ್ಷ ಬಿಟ್ಟು ಬಾಗಿಲು ಬೇಕಾದಾಗ ಸಿಗುವ ಸಾಧ್ಯತೆ ಹೆಚ್ಚು. ಮೆಟೋಡ್ ಡಬ್ಬಗಳಿಗೆ ಹೊಂದುವ ಬಾಗಿಲನ್ನೇ ಮಾರುವ ಬೇರೆ ಕಂಪನಿಗಳಿವೆ, ಫ್ರಾನ್ಸಿನ ಪ್ಲಮ್ ಲಿವಿಂಗ್, ಸ್ವೀಡನ್ನಿನ ಸೂಪರ್‌ಫ್ರಂಟ್ ಅಂಥವು. ಐಕಿಯಾ ಬಾಗಿಲಿಗಿಂತ ದುಬಾರಿ, ಆದರೂ ದಾರಿ ಮುಚ್ಚಿಲ್ಲ ಎಂಬುದು ಮುಖ್ಯ. ಹಾಗೆಂದು ಕಂಪನಿಯ ಹೆಸರನ್ನೇ ನಂಬಿ ಕೂರುವಂತೆಯೂ ಇಲ್ಲ. ಇದೇ ಐಕಿಯಾ 2013-14ರ ಸುಮಾರಿಗೆ ಹಳೆಯ ಫಾಕ್ಟುಮ್ ಸರಣಿಯನ್ನು ಬಿಟ್ಟು ಮೆಟೋಡ್ ತಂದಾಗ ಕೆಳಗಿನ ಡಬ್ಬದ ಎತ್ತರ 70 ಸೆಂ.ಮೀ. ಇದ್ದದ್ದು 80 ಆಯಿತು, ಹಳಬರಿಗೆ ಹೊಸ ಬಾಗಿಲು ಕೂರಲಿಲ್ಲ. ಸೆಕೆಂಡ್ ಹ್ಯಾಂಡ್ ಅಡುಗೆಮನೆ ಕೊಳ್ಳುವಾಗ ಇದನ್ನು ಟೇಪು ಹಿಡಿದೇ ನೋಡಿ.

ಡಬ್ಬದಲ್ಲಿ ಏನು ನೋಡಬೇಕು

ಬೋರ್ಡಿನ ದಪ್ಪ 16ರಿಂದ 19 ಮಿ.ಮೀ. ಇರುತ್ತದೆ. 16 ಮಿ.ಮೀ. ಸಣ್ಣ ಡಬ್ಬಕ್ಕೆ ಸಾಕು, 80 ಸೆಂ.ಮೀ. ಅಗಲದ ಡಬ್ಬದಲ್ಲಿ ಸ್ಟೀಲ್ ಡಬ್ಬಿಗಳ ಸಾಲು ಇಡುವುದಾದರೆ 18ಕ್ಕೆ ಕಡಿಮೆ ಬೇಡ, ಶೆಲ್ಫ್ ನಡುವೆ ಜೋತು ಬೀಳುತ್ತದೆ. ಹಿಂಬದಿಯ ಹಲಗೆ 3 ಮಿ.ಮೀ. ಹಾರ್ಡ್‌ಬೋರ್ಡ್ ಆಗಿದ್ದು ಬರೀ ಮೊಳೆ ಹೊಡೆದಿದ್ದರೆ ಡಬ್ಬ ಓರೆಯಾಗುತ್ತದೆ, ಬಾಗಿಲುಗಳು ಒಂದಕ್ಕೊಂದು ಸಮ ಬರುವುದೇ ಇಲ್ಲ. ಪಕ್ಕದ ಹಲಗೆಗಳಲ್ಲಿ ಕೊರೆದ ಸೀಳಿನೊಳಗೆ ಕೂರುವ ಹಾಗೆ ಈ ಹಲಗೆ ಇದ್ದರೆ, ಅಥವಾ ಸುಮಾರು 8 ಮಿ.ಮೀ. ದಪ್ಪವಿದ್ದರೆ ಡಬ್ಬ ಚೌಕವಾಗಿ ನಿಲ್ಲುತ್ತದೆ.

ಪಾರ್ಟಿಕಲ್ ಬೋರ್ಡಿಗೆ ಯುರೋಪಿನಲ್ಲಿ ಇಎನ್ 312 ಎಂಬ ಮಾನದಂಡವಿದೆ. ಅದರಲ್ಲಿ ಪಿ2 ಎಂದರೆ ಒಣ ಜಾಗದ ಪೀಠೋಪಕರಣಕ್ಕೆ, ಪಿ3 ಎಂದರೆ ತೇವ ತಡೆಯಬಲ್ಲದ್ದು. ಫ್ರಾನ್ಸಿನಲ್ಲಿ ತೇವ ತಡೆಯುವ ಬೋರ್ಡನ್ನು ಇದ್ರೋಫ್ಯೂಜ್ ಎನ್ನುತ್ತಾರೆ, ಸಿಟಿಬಿ-ಎಚ್ ಎಂಬ ಗುರುತೂ ಇರುತ್ತದೆ, ಕತ್ತರಿಸಿದ ಅಂಚಿನಲ್ಲಿ ಹಸಿರು ಛಾಯೆ ಕಾಣುವುದುಂಟು. ಎಲ್ಲ ಡಬ್ಬಕ್ಕೂ ಇದು ಬೇಕಿಲ್ಲ. ಸಿಂಕಿನ ಕೆಳಗಿನದಕ್ಕೆ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತೆಗೆದುಕೊಳ್ಳಿ. ಇದ್ರೋಫ್ಯೂಜ್ ಎಂದರೆ ತೇವಾಂಶ ತಡೆಯುತ್ತದೆ ಎಂದರ್ಥ, ನಿಂತ ನೀರನ್ನಲ್ಲ.

ಇದಕ್ಕೆ ಕಾರಣ ಸರಳ. ಮರದ ಚಕ್ಕೆಗಳನ್ನು ಅಂಟು ಹಾಕಿ ಬಿಸಿಯಲ್ಲಿ ಅದುಮಿ ಬೋರ್ಡ್ ಮಾಡಿರುತ್ತಾರೆ. ನೀರು ಹೊಕ್ಕರೆ ಚಕ್ಕೆ ಉಬ್ಬುತ್ತದೆ, ಅದುಮಿಟ್ಟ ಒತ್ತಡ ಬಿಡುಗಡೆಯಾಗುತ್ತದೆ, ಮಾಮೂಲಿ ಯೂರಿಯಾ ಅಂಟು ಸಡಿಲಗೊಳ್ಳುತ್ತದೆ. ಒಣಗಿದ ಮೇಲೆ ಮೊದಲಿನ ದಪ್ಪಕ್ಕೆ ವಾಪಸ್ ಬರುವುದಿಲ್ಲ. ಸ್ಕ್ರೂ ಹಿಡಿಯುವ ಶಕ್ತಿ ಮೊದಲು ಹೋಗುತ್ತದೆ, ಆಮೇಲೆ ಹಿಂಜ್ ಕಿತ್ತು ಬರುತ್ತದೆ.

ಬೋರ್ಡಿನ ಅಂಟಿನಿಂದ ಗಾಳಿಗೆ ಸೇರುವ ಫಾರ್ಮಾಲ್ಡಿಹೈಡ್ ಅನಿಲದ ಬಗ್ಗೆ ಚಿಂತೆ ಇರುವವರಿಗೆ ಒಂದು ಮಾತು. ಯುರೋಪಿನಲ್ಲಿ ಇಲ್ಲಿಯವರೆಗೆ ಚಾಲ್ತಿಯಲ್ಲಿರುವ ಇ1 ಮಟ್ಟ ಎಂದರೆ ಘನ ಮೀಟರ್ ಗಾಳಿಗೆ 0.124 ಮಿ.ಗ್ರಾಂ. 2023ರ ಯುರೋಪ್ ನಿಯಮದಂತೆ 2026ರ ಆಗಸ್ಟ್ 6ರಿಂದ ಮಾರುಕಟ್ಟೆಗೆ ಬರುವ ಮರದ ಪೀಠೋಪಕರಣಕ್ಕೆ ಮಿತಿ 0.062 ಮಿ.ಗ್ರಾಂ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಈ ಅಂಕಿ ಹೊಂದುವ ಬೋರ್ಡನ್ನೇ ಕೇಳಿ ಕೊಳ್ಳಿ.

ಅಂಚು ಮತ್ತು ಸಿಂಕಿನ ಕೆಳಗಿನ ಡಬ್ಬ

ಶೋರೂಮಿಗೆ ಹೋದಾಗ ಬಾಗಿಲಿನ ಮುಖ ಬಿಟ್ಟು ಕೆಳಗಿನ ಅಂಚನ್ನು ಮುಟ್ಟಿ ನೋಡಿ. ಮುಖ ಮತ್ತು ಅಂಚಿಗೆ ಅಂಟಿಸಿದ ಪಟ್ಟಿ ಸೇರುವ ಗೆರೆಯ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ, ಅಥವಾ ಮೂಲೆಯಲ್ಲಿ ಅಂಟಿನ ಕಂದು ಗೆರೆ ಕಂಡರೆ ನೀರು ಹೋಗುವ ದಾರಿ ಅಲ್ಲೇ ಇದೆ. ಕಾಗದದಷ್ಟು ತೆಳುವಾದ ಮೆಲಮೈನ್ ಪಟ್ಟಿಗಿಂತ 0.8ರಿಂದ 2 ಮಿ.ಮೀ. ದಪ್ಪದ, ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿ ಎಷ್ಟೋ ಪಾಲು ಉತ್ತಮ. ಅಂಟಿನಲ್ಲೂ ವ್ಯತ್ಯಾಸವಿದೆ. ಸಾಧಾರಣ ಇವಿಎ ಅಂಟು ಬಿಸಿಗೆ ಮೆತ್ತಗಾಗುತ್ತದೆ, ಪಿಯು (ಪಾಲಿಯುರೆಥೇನ್) ಅಂಟು ಬಿಸಿ, ಹಬೆ ಎರಡನ್ನೂ ತಡೆಯುತ್ತದೆ. ಲೇಸರ್ ಅಂಚು ಎಂದು ಬರೆದಿದ್ದರೆ ಅಂಟಿನ ಗೆರೆಯೇ ಇರುವುದಿಲ್ಲ. ನಾಲ್ಕೂ ಅಂಚಿಗೆ ಪಟ್ಟಿ ಇದೆಯೇ ಎಂದು ನೋಡುವುದನ್ನು ಮರೆಯಬೇಡಿ, ಅಗ್ಗದ ಡಬ್ಬಗಳಲ್ಲಿ ಕಣ್ಣಿಗೆ ಕಾಣುವ ಮುಂದಿನ ಅಂಚಿಗೆ ಮಾತ್ರ ಹಾಕಿ ಉಳಿದದ್ದನ್ನು ಬೋಳಾಗಿ ಬಿಟ್ಟಿರುತ್ತಾರೆ.

ಸಿಂಕಿನ ಕೆಳಗೆ ಪೈಪಿಗೆಂದು ಕೊರೆದ ರಂಧ್ರ ಎಂದರೆ ಕಾರ್ಖಾನೆಯಲ್ಲಿ ಮುಚ್ಚಿದ ಬೋರ್ಡನ್ನು ನಾವೇ ತೆರೆದಂತೆ. ಕೊರೆದ ಪ್ರತಿ ಅಂಚಿಗೂ ಸ್ಯಾನಿಟರಿ ಸಿಲಿಕೋನ್ ಸವರಿ, ಬೆರಳಿನಿಂದ ಒತ್ತಿ ತುಂಬಿ, ಒಂದು ದಿನ ಒಣಗಲು ಬಿಟ್ಟು ಆಮೇಲೆ ಪೈಪು ಜೋಡಿಸಿ. ಕೌಂಟರಿನಲ್ಲಿ ಸಿಂಕಿಗೆ ಕತ್ತರಿಸಿದ ಭಾಗಕ್ಕೂ ಇದೇ ಉಪಚಾರ ಆಗಬೇಕು. ಕೌಂಟರ್ ಹಾಳಾಗುವುದು ಹೆಚ್ಚಾಗಿ ಅಲ್ಲಿಂದಲೇ, ನಲ್ಲಿಯ ಬುಡದಿಂದ ಸೋರಿದ ನೀರು ಒಳಗಿಳಿದು. ಡಬ್ಬದ ತಳಕ್ಕೆ ಏಣು ಇರುವ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ತಟ್ಟೆ ಹಾಕಿದರೆ ಸಣ್ಣ ಸೋರಿಕೆ ಕಣ್ಣಿಗೆ ಬೀಳುವವರೆಗೆ ಬೋರ್ಡ್ ಉಳಿಯುತ್ತದೆ. ಅಗ್ಗದ ವಸ್ತು, ಆದರೆ ಇಡೀ ಪಟ್ಟಿಯಲ್ಲಿ ಇಷ್ಟು ಲಾಭ ಕೊಡುವುದು ಇನ್ನೊಂದಿಲ್ಲ.

ಡಬ್ಬಗಳು ನೇರ ನೆಲದ ಮೇಲೆ ಕೂರಬಾರದು, ಎತ್ತರ ಹೊಂದಿಸುವ ಪ್ಲಾಸ್ಟಿಕ್ ಕಾಲುಗಳ ಮೇಲೆ ನಿಲ್ಲಬೇಕು. ಮುಂದಿನ ನೆಲಪಟ್ಟಿಯ ಕೆಳಗೆ ರಬ್ಬರ್ ಸೀಲ್ ಬೇಕು, ಇಲ್ಲದಿದ್ದರೆ ನೆಲ ಒರೆಸುವ ಬಟ್ಟೆಯ ನೀರು ದಿನಾ ಹೀರುತ್ತದೆ.

ಬಾಗಿಲಿನ ಮೇಲ್ಮೈ

ಕಡಿಮೆ ಬೆಲೆಗೆ ಹೆಚ್ಚು ಬಾಳಿಕೆ ಕೇಳುವವರಿಗೆ ನೇರ ಉತ್ತರ: ಸಾದಾ ಮೆಲಮೈನ್ ಬಾಗಿಲು, ಅಂದರೆ ರಾಳ ಹೀರಿಸಿದ ಕಾಗದವನ್ನು ಬೋರ್ಡಿನ ಮೇಲೆ ಅದುಮಿದ್ದು, ದಪ್ಪ ಎಬಿಎಸ್ ಅಂಚಿನದು. ಗೀರು ಬೇಗ ಬೀಳುವುದಿಲ್ಲ, ಬಿಸಿಗೆ ಸುಲಿಯುವುದಿಲ್ಲ, ಒರೆಸಲು ಸುಲಭ. ಅದಕ್ಕಿಂತ ಗಟ್ಟಿ ಬೇಕೆಂದರೆ ಸ್ತ್ರಾತಿಫಿಯೆ, ಅಂದರೆ ನಮ್ಮಲ್ಲಿ ಸನ್ಮೈಕಾ ಎಂದು ಕರೆಯುವ ಒತ್ತಿದ ಲ್ಯಾಮಿನೇಟ್. ಬೆಲೆ ಹೆಚ್ಚಾದರೂ ಸಿಂಕು, ಒಲೆಯ ಸುತ್ತಮುತ್ತ ಸಾರ್ಥಕ.

ಚೌಕಟ್ಟಿನ ವಿನ್ಯಾಸ ಕೊರೆದಂತೆ ಕಾಣುವ ಅಗ್ಗದ ಬಾಗಿಲು ಸಾಮಾನ್ಯವಾಗಿ ಎಂಡಿಎಫ್ (ಮರದ ನಾರು ಅದುಮಿ ಮಾಡಿದ ಹಲಗೆ) ಮೇಲೆ ಬಿಸಿ ಮಾಡಿ ಎಳೆದು ಅಂಟಿಸಿದ ಪ್ಲಾಸ್ಟಿಕ್ ಹಾಳೆ. ಫ್ರಾನ್ಸಿನಲ್ಲಿ ಇದಕ್ಕೆ ಒಂದು ವಿಶೇಷ ಅಪಾಯವಿದೆ. ಇಲ್ಲಿ ಪಿರೋಲಿಜ್ ಓವನ್ ತುಂಬ ಜನಪ್ರಿಯ. ತನ್ನನ್ನು ತಾನೇ ಶುಚಿ ಮಾಡಿಕೊಳ್ಳಲು ಅದು ಒಳಗೆ ಸುಮಾರು 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ಒಂದೆರಡು ಗಂಟೆ ಹಾಗೇ ಇರುತ್ತದೆ. ಬಾಗಿಲಿನ ಸಂದಿಯಿಂದ ಬರುವ ಬಿಸಿ ಗಾಳಿ ಪಕ್ಕದ ಹಾಳೆಯ ಅಂಟನ್ನು ಮೆತ್ತಗೆ ಮಾಡುತ್ತದೆ, ಹಾಳೆ ಮೂಲೆಯಿಂದ ಸುರುಳಿ ಸುತ್ತಲು ಶುರುವಾಗುತ್ತದೆ. ಒಮ್ಮೆ ಬಿಟ್ಟ ಹಾಳೆಯನ್ನು ಮನೆಯಲ್ಲಿ ಅಂಟಿಸಿದರೆ ನಿಲ್ಲುವುದು ಕಷ್ಟ. ಅಂಥ ಬಾಗಿಲೇ ಇಷ್ಟವಾದರೆ ಓವನ್ನಿನ ಎರಡೂ ಬದಿಗೆ ಬಿಸಿ ತಿರುಗಿಸುವ ಲೋಹದ ಪಟ್ಟಿ ಹಾಕಿಸಿ, ಶುಚಿಗೊಳಿಸುವಾಗ ಪಕ್ಕದ ಬಾಗಿಲುಗಳನ್ನು ತೆರೆದಿಡಿ.

ಪಾತ್ರೆ ತೊಳೆಯುವ ಯಂತ್ರದ ಮೇಲಿನ ಕೌಂಟರ್ ಅಂಚೂ ಹೀಗೆಯೇ ಹಬೆಗೆ ಉಬ್ಬುತ್ತದೆ. ಯಂತ್ರದ ಜತೆ ಹೊಳೆಯುವ ಅಂಟುಹಾಳೆಯೊಂದು ಬಂದಿರುತ್ತದೆ, ಕೌಂಟರಿನ ಕೆಳಭಾಗಕ್ಕೆ ಅಂಟಿಸಲಿಕ್ಕೇ ಅದು ಇರುವುದು. ಜೋಡಿಸುವವರು ಅದನ್ನು ಕಾಗದಪತ್ರದ ಜತೆ ಎಸೆದುಬಿಡದಂತೆ ನೋಡಿಕೊಳ್ಳಿ.

ಲ್ಯಾಕರ್ ಬಾಗಿಲು ಚೆಂದ, ಆದರೆ ಅಂಚಿಗೆ ಪಾತ್ರೆ ತಾಗಿದರೆ ಚಕ್ಕೆ ಏಳುತ್ತದೆ, ಮನೆಯಲ್ಲಿ ಸರಿ ಮಾಡಲು ಬರುವುದಿಲ್ಲ. ಗಟ್ಟಿ ಮರದ ಬಾಗಿಲು ಚಳಿಗಾಲದಲ್ಲಿ ಹೀಟರಿನ ಒಣಗಾಳಿಗೆ ಕುಗ್ಗಿ, ಮಳೆಯ ದಿನಗಳಲ್ಲಿ ಹಿಗ್ಗುತ್ತದೆ, ಬಣ್ಣ ಹಚ್ಚಿದ್ದರೆ ಚೌಕಟ್ಟಿನ ಕೂಡುವಿಕೆಯಲ್ಲಿ ಕೂದಲೆಳೆಯ ಬಿರುಕು ಕಾಣುತ್ತದೆ. ಅದು ದೋಷವಲ್ಲ, ಮರದ ಗುಣ.

ಇನ್ನು ಅರಿಶಿನ. ಬಿಳಿ ಮ್ಯಾಟ್ ಬಾಗಿಲಿಗೆ, ಸಿಲಿಕೋನ್ ಗೆರೆಗೆ ಸಾರಿನ ಹನಿ ಬಿದ್ದರೆ ಕೂಡಲೇ ಒರೆಸಬೇಕು. ಉಳಿದ ಹಳದಿ ಬಿಸಿಲು ತಾಗುವ ಕಡೆ ತಾನಾಗಿ ಮಾಸುತ್ತದೆ, ಏಕೆಂದರೆ ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಒಲೆಯ ಹತ್ತಿರ ಬೂದು ಅಥವಾ ಮರದ ಬಣ್ಣದ ಸಿಲಿಕೋನ್ ಹಾಕಿಸಿದರೆ ಈ ತಲೆನೋವೇ ಇಲ್ಲ. ಹಿಡಿಕೆಯಿಲ್ಲದೆ ಬಾಗಿಲಿನ ಮೇಲಂಚಿನಲ್ಲಿ ಬೆರಳು ತೂರಿಸುವ ವಿನ್ಯಾಸ ನೋಡಲು ಅಚ್ಚುಕಟ್ಟು, ಆದರೆ ಆ ಕೊರಕಲಿನಲ್ಲಿ ಹಿಟ್ಟು, ಎಣ್ಣೆ ಸೇರಿ ಜಿಡ್ಡುಗಟ್ಟುತ್ತದೆ. ದಿನಾ ಒಗ್ಗರಣೆ ಹಾಕುವ ಮನೆಗೆ ಸಾದಾ ಲೋಹದ ಹಿಡಿಕೆಯೇ ವಾಸಿ.

ಹಿಂಜ್, ಡ್ರಾಯರ್

ಇಲ್ಲಿ ಜಿಪುಣತನ ಬೇಡ. ಬ್ಲೂಮ್, ಹೆಟ್ಟಿಶ್, ಗ್ರಾಸ್, ಸಾಲಿಚೆ ಇವುಗಳಲ್ಲಿ ಯಾವುದಾದರೂ ಹೆಸರು ಹಿಂಜ್ ಮೇಲೆ ಅಚ್ಚಾಗಿದ್ದರೆ ನೆಮ್ಮದಿ. ಬಾಗಿಲಿಗೆ 35 ಮಿ.ಮೀ. ಗುಂಡಿ ಕೊರೆದು ಕೂರಿಸುವ ಬಗೆ ಎಲ್ಲ ಕಡೆ ಒಂದೇ ಆದ್ದರಿಂದ ಮುಂದೆ ಬದಲಿಸಲೂ ಸುಲಭ. ಬಾಗಿಲಿನ ಎತ್ತರ 90 ಸೆಂ.ಮೀ. ವರೆಗೆ 2 ಹಿಂಜ್, 160ರ ವರೆಗೆ 3, 2 ಮೀಟರ್ ಮಟ್ಟಕ್ಕೆ 4 ಎಂಬುದು ರೂಢಿಯ ಲೆಕ್ಕ. ಬಾಗಿಲು ಅಗಲವಾಗಿದ್ದರೆ, ಗಾಜಿನದಾಗಿದ್ದರೆ ಒಂದು ಹೆಚ್ಚು.

ಕೆಳಗಿನ ಸಾಲಿನಲ್ಲಿ ಬಾಗಿಲು-ಶೆಲ್ಫ್‌ಗಿಂತ ಡ್ರಾಯರ್ ದುಬಾರಿ, ಹಾಗಾಗಿ ಎಲ್ಲ ಕಡೆ ಹಾಕಿಸಬೇಡಿ. ದಿನಸಿಗೆ ಒಂದು 80 ಸೆಂ.ಮೀ. ಡಬ್ಬದಲ್ಲಿ ಹಾಕಿಸಿದರೆ ಸಾಕು. ಅದು ತಡೆಯುವ ಭಾರ ಎಷ್ಟೆಂದು ಮಾತ್ರ ಕೇಳಿ. 30 ಕಿಲೋ ಎಂದರೆ ಬಹಳ ಅನ್ನಿಸುತ್ತದೆ. ಪ್ಯಾರಿಸ್ಸಿನ ಲಾ ಶಾಪೆಲ್ ಬಡಾವಣೆಯ ನಮ್ಮ ಕಡೆಯ ದಿನಸಿ ಅಂಗಡಿಯಿಂದ ತಂದ 10 ಕಿಲೋ ಸೋನಾ ಮಸೂರಿ, 5 ಕಿಲೋ ಗೋಧಿ ಹಿಟ್ಟು, ಬೇಳೆಕಾಳಿನ ಡಬ್ಬಿಗಳು, ಎರಡು ಕುಕ್ಕರ್ ಸೇರಿದರೆ ಅಲ್ಲೇ ಮುಗಿಯುತ್ತದೆ. ಅದಕ್ಕೆ 65 ಅಥವಾ 70 ಕಿಲೋದ ಹಳಿ ಸಿಗುತ್ತದೆ, ಒಂದೇ ಒಂದು ಡ್ರಾಯರಿಗೆ ಹಾಕಿಸಿ. ಶೋರೂಮಿನಲ್ಲಿ ಡ್ರಾಯರನ್ನು ಪೂರ್ತಿ ಎಳೆದು ತುದಿಯ ಮೇಲೆ ಅಂಗೈ ಒತ್ತಿ. ಮೂತಿ ಕೆಳಗೆ ಬಾಗಿದರೆ ಬೇರೆ ನೋಡಿ. ವೆಟ್ ಗ್ರೈಂಡರನ್ನು ಡ್ರಾಯರಿಗಾಗಲಿ ಮೇಲಿನ ಕಪಾಟಿಗಾಗಲಿ ಹಾಕಬೇಡಿ, ಅದರ ಜಾಗ ಕೌಂಟರ್ ಅಥವಾ ನೆಲಮಟ್ಟದ ಶೆಲ್ಫ್.

ಮೂರು ಮೀಟರ್ ಗೋಡೆಗೆ ಒಂದು ಲೆಕ್ಕ

3 ಮೀಟರ್ ಗೋಡೆ, ಎರಡೂ ತುದಿಯಲ್ಲಿ ಗೋಡೆಯೇ ಇದೆ ಎಂದುಕೊಳ್ಳಿ. 60+60+60+80+40 ಎಂದು ಕೂಡಿ ಸರಿಯಾಗಿ 300 ಮಾಡಿದರೆ ಅಲ್ಲೇ ಎಡವಿದಂತೆ. ಹಳೆಯ ಕಟ್ಟಡದ ಗೋಡೆ ನೇರ ಇರುವುದಿಲ್ಲ, ಕೆಳಗೆ 300 ಇದ್ದದ್ದು ಮೇಲೆ 298 ಇರಬಹುದು. ಮೂಲೆಗೆ ಅಂಟಿದ ಬಾಗಿಲು ಪೂರ್ತಿ ತೆರೆಯುವುದೂ ಇಲ್ಲ, ಡ್ರಾಯರ್ ಎಳೆದರೆ ಹಿಡಿಕೆ ಕಿಟಕಿ ಚೌಕಟ್ಟಿಗೆ ಬಡಿಯುತ್ತದೆ. ಕೊನೆಯದನ್ನು 30 ಮಾಡಿ ಮೊತ್ತ 290ಕ್ಕೆ ಇಳಿಸಿ, ಉಳಿದ ಜಾಗಕ್ಕೆ ಎರಡೂ ಕಡೆ ಫಿಲ್ಲರ್ ಪಟ್ಟಿ ಕತ್ತರಿಸಿ ಹಾಕಿ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಕಡಿಮೆ ಬಂದದ್ದನ್ನೇ ಹಿಡಿಯಿರಿ.

ಈ ಗೋಡೆಗೆ ಬೇಕಾಗುವುದು ನಾಲ್ಕೇ ಡಬ್ಬ: ಡ್ರಾಯರಿನ 80, ಸಿಂಕಿನ 60, ಓವನ್ನಿನ 60, ಮಸಾಲೆ-ಎಣ್ಣೆಗೆ 30. ಪಾತ್ರೆ ತೊಳೆಯುವ ಯಂತ್ರಕ್ಕೆ ಡಬ್ಬ ಇರುವುದಿಲ್ಲ, ಬಾಗಿಲು ಮಾತ್ರ. ಅದು ಸಿಂಕಿನ ಪಕ್ಕದಲ್ಲೇ ಇರಲಿ, ಪೈಪು ಗಿಡ್ಡ. ಆದರೆ ಸಾಲಿನ ತುದಿಯಲ್ಲಿ ಬಂದರೆ ಕೌಂಟರ್ ಹೊರಲು ಆ ಕಡೆಗೊಂದು ಪಕ್ಕದ ಹಲಗೆ ಬೇಕಾಗುತ್ತದೆ, ಅಂದಾಜುಪಟ್ಟಿಯಲ್ಲಿ ಬಿಟ್ಟುಹೋಗುವ ವಸ್ತು ಇದೇ. ಡಬ್ಬಕ್ಕೆ 4ರಂತೆ 16 ಕಾಲು, 3 ಮೀಟರ್ ನೆಲಪಟ್ಟಿ, 63ರಿಂದ 65 ಸೆಂ.ಮೀ. ಆಳದ ಕೌಂಟರ್. ಬಟ್ಟೆ ಒಗೆಯುವ ಯಂತ್ರವೂ ಅಡುಗೆಮನೆಯಲ್ಲೇ ಇಡುವುದು ಇಲ್ಲಿ ರೂಢಿ. ಅದರ ಎತ್ತರ ಸಾಮಾನ್ಯವಾಗಿ 85 ಸೆಂ.ಮೀ., ಆದ್ದರಿಂದ ಕೌಂಟರಿನ ಕೆಳಗೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಜಾಗ ಇರಬೇಕು. 80ರ ಡಬ್ಬಕ್ಕೆ 8 ಸೆಂ.ಮೀ. ಕಾಲು ಹಾಕಿದರೆ ಸರಿಹೋಗುತ್ತದೆ.

ಗೋಡೆಯ ಕಪಾಟು

ಗೋಡೆಗೆ ಬೆರಳಿನ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಅದು ಪ್ಲಾಕೋ, ಅಂದರೆ 13 ಮಿ.ಮೀ. ಪ್ಲಾಸ್ಟರ್ ಹಲಗೆ. ಫ್ರೆಂಚ್ ಕಟ್ಟಡ ನಿಯಮಾವಳಿಯ ಲೆಕ್ಕದಲ್ಲಿ ಒಂದು ಬಿಂದುವಿಗೆ 10ರಿಂದ 30 ಕಿಲೋವರೆಗೆ ಒಳಗೆ ಛತ್ರಿಯಂತೆ ಬಿಚ್ಚಿಕೊಳ್ಳುವ ಮೊಲ್ಲಿ ಆಂಕರ್ ಸಾಕು. ಅದಕ್ಕಿಂತ ಹೆಚ್ಚಾದರೆ ಹಲಗೆಯ ಹಿಂದಿನ ಲೋಹದ ಚೌಕಟ್ಟಿಗೇ ಸ್ಕ್ರೂ ಹೋಗಬೇಕು. ಆ ಚೌಕಟ್ಟಿನ ಕಂಬಗಳು ಸಾಮಾನ್ಯವಾಗಿ 60 ಸೆಂ.ಮೀ. ಅಂತರದಲ್ಲಿರುತ್ತವೆ, ಅಯಸ್ಕಾಂತ ಆಡಿಸಿದರೆ ಸ್ಕ್ರೂ ತಲೆ ಸಿಕ್ಕಿ ಜಾಗ ಗೊತ್ತಾಗುತ್ತದೆ. ತಟ್ಟೆ ಲೋಟ ತುಂಬಿದ 80ರ ಕಪಾಟು ಸುಲಭವಾಗಿ 50 ಕಿಲೋ ದಾಟುತ್ತದೆ. ಉದ್ದದ ಲೋಹದ ಹಳಿಗೆ ತೂಗುಹಾಕುವ ವ್ಯವಸ್ಥೆಯಲ್ಲಿ ಭಾರ ಹಲವು ಕಂಬಗಳಿಗೆ ಹಂಚಿಹೋಗುತ್ತದೆ, ಪ್ಲಾಕೋ ಗೋಡೆಗೆ ಅದೇ ಸರಿ.

ಅಪಾರ್ಟ್‌ಮೆಂಟಿನಲ್ಲಿ ಚಿಮಣಿಯ ಕೊಳವೆಯನ್ನು ಕಟ್ಟಡದ ಸಾಮೂಹಿಕ ಗಾಳಿ ಕೊಳವೆಗೆ ಜೋಡಿಸುವಂತಿಲ್ಲ, ಪಕ್ಕದ ಮನೆಗಳಿಗೆ ನಿಮ್ಮ ಒಗ್ಗರಣೆಯ ಹೊಗೆ ಹೋಗುತ್ತದೆ. ಅದಕ್ಕೆ ಇದ್ದಿಲು ಫಿಲ್ಟರಿನ, ಗಾಳಿಯನ್ನು ಒಳಗೇ ತಿರುಗಿಸುವ ಚಿಮಣಿಯೇ ಗತಿ. ಅದು ವಾಸನೆ ಹಿಡಿಯುತ್ತದೆ, ಹಬೆಯನ್ನು ಹೊರಹಾಕುವುದಿಲ್ಲ. ಆದ್ದರಿಂದ ಒಲೆಯ ಎರಡೂ ಬದಿಯ ಮೇಲಿನ ಕಪಾಟಿಗೆ ಕೆಳ ಅಂಚು ಚೆನ್ನಾಗಿ ಮುಚ್ಚಿದ ಮೆಲಮೈನ್ ಬಾಗಿಲೇ ಇರಲಿ, ಲೋಹದ ಜಿಡ್ಡು ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಿರಿ.

ಬಾಡಿಗೆ ಮನೆಯಾದರೆ 1989ರ ಜುಲೈ 6ರ ಕಾನೂನು ನೆನಪಿರಲಿ. ಕಪಾಟು ತೂಗುಹಾಕುವಂಥ ಸಣ್ಣ ಏರ್ಪಾಡು ಮಾಡಿಕೊಳ್ಳಬಹುದು. ಮನೆಯ ರೂಪವನ್ನೇ ಬದಲಿಸುವ ಕೆಲಸಕ್ಕೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದೆ ಮಾಡಿದರೆ ಬಿಟ್ಟುಹೋಗುವಾಗ ಮೊದಲಿನಂತೆ ಮಾಡಿಕೊಡಿ ಎನ್ನಬಹುದು, ಇಲ್ಲವೇ ಏನೂ ಕೊಡದೆ ಉಳಿಸಿಕೊಳ್ಳಬಹುದು. ಮೂರ್ನಾಲ್ಕು ವರ್ಷಕ್ಕೆ ಬಂದವರಿಗೆ ಕಾಲಿನ ಮೇಲೆ ನಿಲ್ಲುವ ಕೆಳಗಿನ ಸಾಲು ಮತ್ತು ಒಂದು ತೆರೆದ ರ‍್ಯಾಕ್ ಸಾಕು. ಹೋಗುವಾಗ ಹಳೆ ಸಾಮಾನು ಮಾರುವ ಲಬೋಂಕ್ವಾಂ ಜಾಲತಾಣದಲ್ಲಿ ಮಾರಿಯೂ ಹೋಗಬಹುದು.

ಎಲ್ಲಿ ಕೊಳ್ಳುವುದು, ಏನಕ್ಕೆ ಸಹಿ ಹಾಕುವುದು

ಬಿಡಿಭಾಗ ತಂದು ಜೋಡಿಸಿಕೊಳ್ಳುವ ತಾಳ್ಮೆ ಇದ್ದರೆ ಐಕಿಯಾ, ಲೆರುವಾ ಮೆರ್ಲಾಂ, ಕಾಸ್ತೋರಾಮಾ, ಬ್ರಿಕೋ ದೆಪೋ. ಮೆಟೋಡ್‌ಗೆ ಐಕಿಯಾ 25 ವರ್ಷದ ಗ್ಯಾರಂಟಿ ಕೊಡುತ್ತದೆ, ಯಾವ ಭಾಗ ಅದರಲ್ಲಿ ಸೇರಿಲ್ಲ ಎಂಬುದನ್ನು ಕೈಪಿಡಿಯಲ್ಲಿ ಓದಿಕೊಳ್ಳಿ. ಶ್ಮಿತ್, ಮೊಬಾಲ್ಪಾ, ಕ್ಯುಸಿನೆಲ್ಲಾದಂಥ ಅಡುಗೆಮನೆ ಅಂಗಡಿಗಳಲ್ಲಿ ಅಳತೆ, ಜೋಡಣೆ ಎಲ್ಲ ಅವರದೇ, ಬೆಲೆಯೂ ಅದಕ್ಕೆ ತಕ್ಕಂತೆ. ಇಂಥ ಅಂಗಡಿಗಳು ಶೋರೂಮಿನಲ್ಲಿಟ್ಟ ಅಡುಗೆಮನೆಯನ್ನು ಬದಲಿಸುವಾಗ ಹಳೆಯದನ್ನು ತುಂಬ ಕಡಿಮೆಗೆ ಮಾರುತ್ತವೆ. ಗೋಡೆ ಅಳತೆ ಹೊಂದಿದರೆ ಗಟ್ಟಿ ಸರಕು ಅಗ್ಗಕ್ಕೆ ಸಿಗುವ ದಾರಿ ಅದು. ಹಳೆಯ ಡಬ್ಬ ಗಟ್ಟಿಯಾಗಿದ್ದರೆ ಬಾಗಿಲು ಮಾತ್ರ ಬದಲಿಸುವುದು ಎಲ್ಲಕ್ಕಿಂತ ಅಗ್ಗ.

ಅರ್ಧ ಬೆಲೆ ಎಂಬ ಫಲಕಕ್ಕೆ ಮರುಳಾಗಬೇಡಿ. ಅಳತೆಗೆ ಮಾಡುವ ಅಡುಗೆಮನೆಗೆ ಹೋಲಿಸಿ ನೋಡಲು ಮೂಲ ಬೆಲೆ ಅಂತ ಒಂದಿಲ್ಲ. ಒಂದೇ ನಕ್ಷೆಗೆ ಮೂರು ಕಡೆ ಅಂದಾಜುಪಟ್ಟಿ ಪಡೆದು, ಡಬ್ಬ, ಬಾಗಿಲು, ಹಿಡಿಕೆ, ಪಕ್ಕದ ಹಲಗೆ, ನೆಲಪಟ್ಟಿ, ಕೌಂಟರ್ ಕತ್ತರಿಸುವ ಖರ್ಚು, ಸಾಗಣೆ, ಜೋಡಣೆ ಎಲ್ಲ ಬಿಡಿಬಿಡಿಯಾಗಿ ಬರೆಸಿಕೊಂಡು ಕೊನೆಯ ಮೊತ್ತ ಹೋಲಿಸಿ. ನೀವೇ ಅಂಗಡಿಯಲ್ಲಿ ಕೊಂಡ ಕ್ಯಾಬಿನೆಟ್ಟಿಗೆ ತೆರಿಗೆ 20%, ಎರಡು ವರ್ಷಕ್ಕಿಂತ ಹಳೆಯ ಮನೆಯಾದರೆ ಜೋಡಣೆಯ ಕೂಲಿಗೆ 10%. ಬೆಲೆಯ ಜತೆ ಹಳೆ ಪೀಠೋಪಕರಣ ವಿಲೇವಾರಿಯ ಸಣ್ಣ ಶುಲ್ಕವೂ ಸೇರಿರುತ್ತದೆ.

ಮುಂಗಡದ ರಸೀದಿಯಲ್ಲಿ ಯಾವ ಪದವಿದೆ ನೋಡಿ. ಆರ್ (arrhes) ಎಂದಿದ್ದರೆ ನೀವು ಹಿಂದೆ ಸರಿದಾಗ ಕೊಟ್ಟ ಹಣ ಮಾತ್ರ ಹೋಗುತ್ತದೆ, ಅಂಗಡಿಯವರು ಹಿಂದೆ ಸರಿದರೆ ಇಮ್ಮಡಿ ಕೊಡಬೇಕು. ಅಕೋಂತ್ (acompte) ಎಂದಿದ್ದರೆ ಖರೀದಿ ಆಯಿತೆಂದೇ ಲೆಕ್ಕ, ಪೂರ್ತಿ ಹಣ ಕೇಳಬಹುದು. ಆನ್‌ಲೈನಿನಲ್ಲಿ ಕೊಂಡ ಮಾಮೂಲಿ ಸರಕಿಗೆ 14 ದಿನಗಳಲ್ಲಿ ವಾಪಸ್ ಕೊಡುವ ಹಕ್ಕಿದೆ, ನಿಮ್ಮ ಅಳತೆಗೆ ಕತ್ತರಿಸಿದ್ದಕ್ಕೆ ಇಲ್ಲ. ವಸ್ತುಪ್ರದರ್ಶನದಲ್ಲಿ, ಅಂದರೆ ಪ್ಯಾರಿಸ್ ಫೇರಿನಂಥ ಕಡೆ, ಸಹಿ ಹಾಕಿದರೂ ಆ ಹಕ್ಕಿಲ್ಲ. ಮನೆಗೆ ಬಂದು ಅಳತೆ ತೆಗೆಯುವ ಮೊದಲೇ ಒಪ್ಪಂದಕ್ಕೆ ಸಹಿ ಹಾಕಬೇಡಿ.

ಸರಕು ಬಂದ ದಿನ ಪೆಟ್ಟಿಗೆಗಳನ್ನು ಸಾಗಣೆಯವರ ಎದುರೇ ತೆರೆಯಿರಿ. ಬಿಚ್ಚಿ ನೋಡಿದ ಮೇಲೆ ಹೇಳುತ್ತೇವೆ ಎಂಬರ್ಥದ ಒಕ್ಕಣೆಯನ್ನು ರಸೀದಿಯಲ್ಲಿ ಬರೆದರೆ ಅದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಯಾವ ಬಾಗಿಲು, ಯಾವ ಮೂಲೆ, ಎಷ್ಟು ಉದ್ದದ ಗೀರು ಎಂದು ಬರೆದು, ಫೋಟೋ ತೆಗೆದು, ಆಮೇಲೆ ಸಹಿ ಹಾಕಿ. ಹೊಸ ಸರಕಿನ ದೋಷಕ್ಕೆ ಮಾರಿದವರು 2 ವರ್ಷ ಹೊಣೆ ಎಂಬ ಕಾನೂನಿನ ಗ್ಯಾರಂಟಿ ಕಂಪನಿಯ ಗ್ಯಾರಂಟಿಗಿಂತ ಬೇರೆಯದು. ಅದಕ್ಕೆ ಯಾವ ಚೀಟಿಯೂ ಬೇಕಿಲ್ಲ, ಖರೀದಿಯ ಬಿಲ್ಲು ಇದ್ದರೆ ಸಾಕು.